ಮಿಡತೆ ಕುಲದ ಡಾಕ್ಟರಮ್ಮ

"ಆಸ್ಪತ್ರೆಗೆ ಬಂದ ತಾಯಂದಿರನ್ನ ಕೇಳಿದ್ದೀರಿ, ಸರಿ. ಬಾರದೇ ಇದ್ದವರನ್ನ ಯಾರು ಕೇಳಿದ್ರು, ನ್ಯಾಬೊ?"

ಹಿಂದಿನ ಸಾಲಿನಿಂದ ಬಂದ ಪ್ರಶ್ನೆ, 'ನ್ಯಾಬೊ' ಎಂಬ ಮರ್ಯಾದೆಯ 'ಮೇಡಂ' ಸಮೇತ. ಸೆಮಿನಾರ್ ಕೋಣೆಯಲ್ಲಿದ್ದವರೆಲ್ಲ ಹಿಂದೆ ತಿರುಗಿ ನೋಡಿದರು.

ಮುಂದೆ ನಿಂತು ತನ್ನ ಸಂಶೋಧನೆ ಮಂಡಿಸುತ್ತಿದ್ದ ಬಬಿರ್ಯೆ ಟಿಪ್ಪಣಿ ಹಾಳೆಗಳನ್ನು ಮಡಿಚಿದಳು.

ಮುಕೊನೊ ಪಟ್ಟಣದ ಹೆರಿಗೆ ವಾರ್ಡಿನಲ್ಲಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲೇ ಟ್ಯಾಕ್ಸಿ ಹತ್ತಿ ರಾಜಧಾನಿ ಕಂಪಾಲಾದ ವಿಶ್ವವಿದ್ಯಾಲಯ ತಲುಪಿದ್ದಳು. ವಾರವೆಲ್ಲ ನರ್ಸ್, ಶುಕ್ರವಾರ ಶನಿವಾರ ಮಾತ್ರ ಪಿಎಚ್‌ಡಿ ವಿದ್ಯಾರ್ಥಿನಿ. ಹಳ್ಳಿಯ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಯಾಕೆ ಬರುವುದಿಲ್ಲ ಎಂಬುದು ಅವಳ ಸಂಶೋಧನೆ. ಅದಕ್ಕಾಗಿ ಅವಳು ಇಷ್ಟು ದಿನ ಮಾತಾಡಿಸಿದ್ದು... ಆಸ್ಪತ್ರೆಗೆ ಬಂದವರನ್ನು!

ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲವೇ?

ಹೊರಗೆ ವರಾಂಡದಲ್ಲಿ ನಿಂತು ಕಣ್ಣೀರು ನುಂಗುತ್ತಿದ್ದಾಗ, ಪ್ರಶ್ನೆ ಕೇಳಿದವನೇ ಹತ್ತಿರ ಬಂದ. ಹೆಸರು ವಾಲುಸಿಂಬಿ. ಶಿಕ್ಷಕರ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಅವನದೂ ಅವಳ ಹಾಗೆಯೇ, ಅದೇ ವಿಭಾಗದಲ್ಲಿ ಕೆಲಸದ ನಡುವಿನ ಪಿಎಚ್‌ಡಿ, ಆರೋಗ್ಯದ ಅಂಕಿಅಂಶಗಳ ಮೇಲೆ. ಕೈಯಲ್ಲೊಂದು ಕಾಗದದ ಪೊಟ್ಟಣ.

"ಕೋಪ ಬಂತಾ? ತಗೊಳ್ಳಿ, ಈಗಷ್ಟೇ ಹುರಿದದ್ದು."

ನವೆಂಬರಿನಲ್ಲಿ ಊರೆಲ್ಲ ಹುರಿದು ತಿನ್ನುವ ಮಿಡತೆಗಳು. ಈರುಳ್ಳಿಯ ಘಮ.

"ನಮ್ಮ ಕುಲವೇ ಮಿಡತೆ. ಕುಲದ ಪ್ರಾಣಿಯನ್ನ ನಾವು ತಿನ್ನಲ್ಲ," ಎಂದಳು ಸೆಟೆದುಕೊಂಡು.

ಅವನ ಮುಖ ಅರಳಿತು. "ಅಬ್ಬಾ, ಬದುಕಿದೆ!" ಎಂದು ನಕ್ಕೇಬಿಟ್ಟ.

ಅವಮಾನ ಮಾಡಿದ್ದು ಸಾಲದು, ಕುಲಕ್ಕೂ ನಗುತ್ತಾನಲ್ಲ! ಎಂಥ ಮನುಷ್ಯ...

ಆದರೆ ಪ್ರಶ್ನೆ ಬಿಡಲಿಲ್ಲ. ಮುಂದಿನ ತಿಂಗಳಿನಿಂದಲೇ ಬಬಿರ್ಯೆ ರಜೆಯ ದಿನಗಳಲ್ಲಿ ಬಾಳೆತೋಟಗಳ ನಡುವಿನ ಕೆಮ್ಮಣ್ಣಿನ ದಾರಿ ಹಿಡಿದಳು. ಬಾರದೇ ಇದ್ದ ತಾಯಂದಿರ ಅಂಗಳದಲ್ಲಿ ಚಾಪೆ ಹಾಸಿ ಕುಳಿತಳು. "ನಿಮ್ಮ ನರ್ಸುಗಳು ಬೈತಾರೆ ಕಣಮ್ಮ," ಎಂದಳು ಒಬ್ಬಳು, ಅವಳ ಮುಖ ನೋಡದೆ. ಬಬಿರ್ಯೆ ಅದನ್ನು ಹಾಗೇ ಬರೆದುಕೊಂಡಳು. ಅವಳೂ ಬೈದಿದ್ದಳು.

ಆ ಶುಕ್ರವಾರ ಸಂಜೆ ಅದನ್ನು ಹೇಳಿಕೊಳ್ಳಲು ಸಿಕ್ಕವನು ವಾಲುಸಿಂಬಿ ಒಬ್ಬನೇ. ಅವನು ಸಮಾಧಾನ ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಲೈಬ್ರರಿಯ ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತ, ಅಷ್ಟೇ. ಚಹಾ ಆರಿತು.

ಅಲ್ಲಿಂದ ಶುಕ್ರವಾರಗಳಿಗೆ ಅದೇ ಬೆಂಚು. ದಣಿದ ಇಬ್ಬರು, ಎರಡು ಲೋಟ ಚಹಾ. ಮಾತಿಲ್ಲದ ಅರ್ಧ ಗಂಟೆಗಾಗಿಯೇ ಅವಳು ವಾರವಿಡೀ ಕಾಯತೊಡಗಿದ್ದು ಯಾವಾಗಿನಿಂದ ಎಂದು ಅವಳಿಗೂ ತಿಳಿಯಲಿಲ್ಲ.

ಸೋದರತ್ತೆಗೆ ಮಾತ್ರ ವಾಸನೆ ಬಡಿಯಿತು.

"ಅವನ ಕುಲ ಯಾವುದು?"

"ಪುನುಗು ಬೆಕ್ಕು. ಯಾಕತ್ತೆ?"

"ಒಂದೇ ಕುಲ ಅಲ್ಲ, ಹಾಗಾದ್ರೆ ನಿನಗೆ ಅಣ್ಣನಾಗಲ್ಲ. ಮತ್ತೇನು ತಡ? ನಿನ್ನ ಬೆನ್ನಿಗೇ ಹುಟ್ಟಿದ ಅವಳಿ, ನಕಾತೊ, ಮೂರು ಮಕ್ಕಳ ತಾಯಿ. ನಿನ್ನ ಓದು ಮುಗಿಯೋ ಹೊತ್ತಿಗೆ ಮದುವೆಯಲ್ಲಿ ಕುಣಿಯೋಕೆ ನನ್ನ ಮಂಡಿ ಉಳಿದಿರಲ್ಲ!"

"ಅತ್ತೆ, ಸುಮ್ನಿರಿ!"

ವರ್ಷಗಳು ಉರುಳಿದವು. ಮೊದಲು ಅವನ ಡಾಕ್ಟರೇಟ್ ಮುಗಿಯಿತು. ಅದೇ ವಿಭಾಗದಲ್ಲಿ ಉಪನ್ಯಾಸಕನೂ ಆದ. ಕೊನೆಗೆ ಬಬಿರ್ಯೆಯ ವೈವಾ ದಿನ ಗೊತ್ತಾದಾಗ ಪರೀಕ್ಷಕರಲ್ಲಿ ಅವನ ಹೆಸರೂ ಇತ್ತು. ಅವಳು ನಿರಾಳವಾಗಿ ಉಸಿರುಬಿಟ್ಟಳು.

ಒಂದು ವಾರ ಉಳಿದಿರುವಾಗ ಅವನ ಜಾಗಕ್ಕೆ ಬೇರೆಯವರು ಬಂದರು.

"ನೀವೇ ಬೇಡ ಅಂದ್ರಂತೆ. ನಿಜಾನಾ, ಸ್ಸೆಬೊ?" ಅವಳು ಫೋನಿನಲ್ಲಿ ಕೇಳಿದಳು, ಹೊರಗಿನವರಿಗೆ 'ಸರ್' ಎನ್ನುವ ಹಾಗೆ.

"ನಿಜ."

"ಯಾಕೆ?"

"ಮುಗಿದ ಮೇಲೆ ಹೇಳ್ತೀನಿ. ಅಲ್ಲೀವರೆಗೆ ನಾವು ಭೇಟಿಯಾಗೋದು ಬೇಡ."

ಆ ಶುಕ್ರವಾರ ಬೆಂಚು ಖಾಲಿ ಇತ್ತು.

ನನ್ನ ಪ್ರಬಂಧ ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತು. ಬಿದ್ದುಹೋಗುವ ಕೆಲಸಕ್ಕೆ ತನ್ನ ಹೆಸರು ಅಂಟುವುದು ಬೇಡ... ಅಷ್ಟೇ ತಾನೆ? ನಮ್ಮ ಮೌನವನ್ನು ನಾನು ಬೇರೇನೋ ಅಂದುಕೊಂಡಿದ್ದೆ. ಎಂಥ ಹುಚ್ಚಿ ನಾನು!

ವೈವಾ ದಿನ ಉದ್ದನೆಯ ಗೊಮೆಸಿ ಉಟ್ಟು ಬಂದ ಅತ್ತೆ ಮೊದಲ ಸಾಲಿನಲ್ಲೇ ಕುಳಿತರು. ಬಬಿರ್ಯೆಯ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಅವನಿರಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಂಥ ಅಧ್ಯಯನಗಳಲ್ಲಿ ಒಂದು ತೊಂದರೆ. ಆಸ್ಪತ್ರೆಗೆ ಬಾರದೇ ಇದ್ದವರ ಮಾತು ಎಲ್ಲಿ?"

ಅದೇ ಪ್ರಶ್ನೆ!

ಬಬಿರ್ಯೆಯ ಎದೆ ಹಗುರಾಯಿತು. "ನಾಲ್ಕನೇ ಅಧ್ಯಾಯದಲ್ಲಿ, ಸರ್. ಅವರ ಅಂಗಳಗಳಿಗೆ ಹೋಗಿ ಕೇಳಿದೆ. ಅವರು ನಮಗೆ ಹೆದರ್ತಾರೆ. ನನಗೂ ಹೆದರಿದ್ದರು. ಅದನ್ನೂ ಬರೆದಿದ್ದೀನಿ." ಆಮೇಲೆ ಮಾತು ತಾನಾಗಿ ಹರಿಯಿತು. ಚಾಪೆ, ಅಂಗಳ, ಮುಖ ತಿರುಗಿಸಿದ ಆ ತಾಯಿ... ಪರೀಕ್ಷಕರು ಕೇಳುತ್ತಲೇ ಕುಳಿತರು.

ಎಲ್ಲರನ್ನೂ ಹೊರಗೆ ಕಳುಹಿಸಿ, ಮತ್ತೆ ಒಳಗೆ ಕರೆದರು. ಅಧ್ಯಕ್ಷೆ ಪ್ರೊಫೆಸರ್ ಕೆಮಿಗಿಶಾ ಎದ್ದು ನಿಂತರು.

"ಸಣ್ಣಪುಟ್ಟ ತಿದ್ದುಪಡಿ. ಅಭಿನಂದನೆಗಳು, ಡಾಕ್ಟರ್ ಬಬಿರ್ಯೆ."

ಅತ್ತೆ ನಾಲಿಗೆ ಹೊರಳಿಸಿ ಹಾಕಿದ ಸಂಭ್ರಮದ ಉಲಿಗೆ ಕಿಟಕಿಯ ಗಾಜುಗಳು ನಡುಗಿದವು!

ಕೈಕುಲುಕುತ್ತ ಪ್ರೊಫೆಸರ್ ಮೆಲ್ಲಗೆ ಹೇಳಿದರು. "ಈಗ ಹೇಳಬಹುದು. ವಾಲುಸಿಂಬಿ ಹಿಂದೆ ಸರಿದಾಗ ನಾನು ಕೇಳಿದೆ, ಅಭ್ಯರ್ಥಿ ನಿನಗೆ ಸಂಬಂಧವಾ ಅಂತ. 'ಇನ್ನೂ ಇಲ್ಲ' ಅಂದ." ಅವರ ತುಟಿಯಂಚಿನಲ್ಲಿ ನಗು. "ಬೆಳಗಿನಿಂದ ಹೊರಗೆ ಕೂತಿದ್ದಾನೆ. ಹೋಗಮ್ಮ."

ಇನ್ನೂ ಇಲ್ಲ...

ಅವಳು ನಡೆಯಲಿಲ್ಲ, ಓಡಿದಳು.

ಅವನು ಅದೇ ಬೆಂಚಿನಲ್ಲಿದ್ದ. ಪಕ್ಕದಲ್ಲಿ ಎರಡು ಲೋಟ ಚಹಾ, ಆರಿಹೋಗಿತ್ತು.

"ಉಲಿ ಕೇಳಿಸ್ತು," ಎಂದ. ಕಣ್ಣು ತುಂಬಿತ್ತು.

"ಒಂದು ವಾರ ಸತ್ತು ಬದುಕಿದೀನಿ ನಾನು! ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ?"

"ಮೊದಲೇ ಹೇಳಿದ್ರೆ, ಪ್ರೀತಿಸಿದವನು ಕೊಡಿಸಿದ ಡಾಕ್ಟರೇಟ್ ಅಂತಿದ್ರು ಜನ. ಅದು ಪೂರ್ತಿ ನಿಮ್ಮದಾಗಿರಬೇಕಿತ್ತು."

ಬಬಿರ್ಯೆ ಪಕ್ಕದಲ್ಲಿ ಕುಳಿತಳು. ವರ್ಷಗಳ ದಣಿವು ಹೆಗಲಿನಿಂದ ಇಳಿದುಹೋಗುತ್ತಿತ್ತು.

"ಅವತ್ತು ಮಿಡತೆ ಬೇಡ ಅಂದಾಗ ಯಾಕೆ ನಕ್ಕಿದ್ದು?"

"ಬೇರೆಯವರ ಹೆಸರು ಕೇಳಿದ್ರೆ ಕುಲ ಗೊತ್ತಾಗುತ್ತೆ. ನಿಮ್ಮದು ಅವಳಿಗಳ ಹೆಸರು, ಯಾವ ಕುಲಕ್ಕೂ ಆಗುತ್ತೆ. ನೀವೂ ಪುನುಗು ಬೆಕ್ಕಿನವರಾಗಿದ್ರೆ ಅವತ್ತೇ ನಿಮ್ಮನ್ನ ತಂಗಿ ಅಂತ ಕರೀಬೇಕಿತ್ತು. ಅದಕ್ಕೇ ಜೀವ ಹೋದಂಗಾಗಿತ್ತು..."

"ಅವತ್ತೇ?!"

"ಅವತ್ತೇ. ಅವತ್ತಿಂದ ನಾನೂ ಮಿಡತೆ ತಿಂದಿಲ್ಲ."

"ನಿಮಗೆ ನಿಷೇಧ ಇಲ್ವಲ್ಲ!"

"ನಿಮ್ಮ ಮನೆಯವರನ್ನೆಲ್ಲ ಹುರಿದು ತಿಂದು, ಹೆಣ್ಣು ಕೇಳೋಕೆ ಯಾವ ಮುಖ ಹೊತ್ತು ಬರಲಿ, ಡಾಕ್ಟರಮ್ಮ?"

ಅವಳು ನಕ್ಕಳು. ನಗುತ್ತಲೇ ಅತ್ತಳು. ಆರಿದ ಚಹಾ ಎತ್ತಿಕೊಂಡು ಒಂದು ಗುಟುಕು ಕುಡಿದು, ಅದೇ ಲೋಟವನ್ನು ಅವನ ಕೈಗಿಟ್ಟಳು.

"ಮೊದಲು ಅತ್ತೇನ ಕೇಳಿ. ಅವರ ಮಂಡಿ ಇನ್ನೂ ಗಟ್ಟಿಯಾಗಿದೆ."