ನವಮಿಯ ಸಂಜೆ ಏಳೂ ಇಪ್ಪತ್ತು

ಶನಿವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಕೋಪರಖೈರಣೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅಕ್ಕು ಕಿಟಾರನೆ ಕಿರುಚಿದರು.

ಡಾಕ್ಟರ್ ವಾಸು ಓಡಿ ಬಂದರು. ಅಕ್ಕುವಿನ ಕಂಪ್ಯೂಟರಿನ ಪರದೆ ಪೂರ್ತಿ ಕೆಂಪು. ಫೈಲುಗಳಿಗೆಲ್ಲ ಬೀಗ ಬಿದ್ದಿದೆ, ಹಣ ಕಳಿಸಿದರೆ ಮಾತ್ರ ಕೀಲಿ ಎಂಬ ಬೆದರಿಕೆ ಇಂಗ್ಲಿಷಿನಲ್ಲಿತ್ತು. ಉಳಿದ ಮೂರು ಕಂಪ್ಯೂಟರುಗಳದೂ ಅದೇ ಗತಿ. ಹನ್ನೊಂದು ವರ್ಷಗಳ ವರದಿಗಳು ಒಂದೇ ಏಟಿಗೆ ಮಂಗಮಾಯ. ಅದು ೨೦೧೭. ರಾನ್ಸಮ್‌ವೇರ್ ಎಂದರೇನೆಂದು ಆ ವರ್ಷ ಪೇಪರ್ ಓದುವವರಿಗೆಲ್ಲ ಗೊತ್ತಿತ್ತು.

"ನಾನೇ ಮಾಡಿದ್ದು ಡಾಕ್ಟ್ರೇ," ಎಂದರು ಅಕ್ಕು. "ಕೊರಿಯರಿನವರದ್ದು ಅಂತ ಒಂದು ಮೇಲ್ ಬಂದಿತ್ತು. ಒತ್ತಿಬಿಟ್ಟೆ."

"ಎಂತ ಮಾಡಿಟ್ಟೆ ಮಾರಾಯ್ತಿ!"

ಲ್ಯಾಬ್ ಶುರುವಾದ ದಿನದಿಂದ ವರದಿ ಟೈಪ್ ಮಾಡುತ್ತಿದ್ದವರು ಅಕ್ಕು. ಮೌಸ್ ಹಿಡಿಯಲು ಕಲಿತದ್ದೇ ನಲವತ್ತು ದಾಟಿದ ಮೇಲೆ. ಪಾಪದ ಹೆಂಗಸು.

*

ಹತ್ತೂ ಮುಕ್ಕಾಲಿಗೆ ಕಲ್ಯಾಣದಿಂದ ಯಶ್ವಂತ್ ಬಂದ. ಲ್ಯಾಬಿನ ಕಂಪ್ಯೂಟರುಗಳ ಉಸ್ತುವಾರಿ ಅವನದು. ಹುಟ್ಟಿ ಬೆಳೆದದ್ದು ಇಲ್ಲೇ, ಮರಾಠಿ ಸೀಮೆಯಲ್ಲಿ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಕ್ಕುವಿನ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ ಐದು ನಿಮಿಷ ಕೂತ. ಆಮೇಲೆ ಬ್ಯಾಗಿನಿಂದ ಒಂದು ಹಾಳೆ ತೆಗೆದ.

"ಸರ್, ವೈರಸ್ ಅಕ್ಕು ಆಂಟಿ ಕೆ ಮಶೀನ್ ಸೇ ಆಯಾ. ರಿಪೋರ್ಟ್ ಮೇ ಸಬ್ ಹೈ."

ವೈರಸ್ ಬಂದದ್ದು ಅಕ್ಕುವಿನ ಕಂಪ್ಯೂಟರಿನಿಂದ ಎಂದು ಹಾಳೆಯ ತುಂಬ ಸಣ್ಣ ಅಕ್ಷರದ ಇಂಗ್ಲಿಷ್. ಡಾಕ್ಟರು ಅಕ್ಕುವಿನ ಹೆಸರಷ್ಟು ನೋಡಿ ಪೊಲೀಸ್ ಠಾಣೆಗೆ ಫೋನ್ ಮಾಡಲು ಮೊಬೈಲ್ ಎತ್ತಿಕೊಂಡರು. ಅಕ್ಕು ಅಷ್ಟರಲ್ಲಿ ರಾಜೀನಾಮೆ ಬರೆಯಲು ಕೂತಿದ್ದರು.

"ಒಂದ್ ನಿಮಿಷ ಸರ್. ಆ ರಿಪೋರ್ಟ್ ನಾನು ನೋಡ್ಬಹುದಾ?"

ಕೇಳಿದವಳು ಸಾನಪಾಡಾದ ಹರ್ಷಿತಾ, ಮೈಸೂರಿನ ಹುಡುಗಿ. ತಾಯಿಯ ಥೈರಾಯ್ಡ್ ವರದಿಗೆಂದು ಬಂದು ಅರ್ಧ ಗಂಟೆಯಿಂದ ಬೆಂಚಿನ ಮೇಲಿದ್ದಳು. ಕಂಪನಿಗಳ ಕಂಪ್ಯೂಟರುಗಳನ್ನು ಇಂಥ ದಾಳಿಗಳಿಂದ ಕಾಯುವುದೇ ಅವಳ ಕೆಲಸ.

ಅವಳು ಹಾಳೆ ಓದಿದಳು. ನಾಲ್ಕೂ ಕಂಪ್ಯೂಟರುಗಳ ಮುಂದೆ ಒಂದೊಂದು ನಿಮಿಷ ಕೂತಳು. ಮಾನಿಟರುಗಳ ಮೇಲೆ ಒಣಗಿದ ಕುಂಕುಮ, ಬಾಡಿದ ಚೆಂಡುಹೂ.

"ಅಕ್ಕು ಅವರೇ, ಆ ಮೇಲ್ ತೆರೆದಿದ್ದು ಯಾವತ್ತು?"

"ಬುಧವಾರವೋ, ಗುರುವಾರವೋ... ತಲೆಯೇ ಓಡುವುದಿಲ್ಲ ಮಗಾ."

"ಇದರಲ್ಲಿ ಶುಕ್ರವಾರ ಸಂಜೆ ಏಳೂ ಇಪ್ಪತ್ತು ಅಂತಿದೆ."

"ಆಂಟಿ ರೋಜ್ ಸಾಡೇ ಸಾತ್ ತಕ್ ಬೈಠತೀ ಹೈ," ಎಂದ ಯಶ್ವಂತ್. "ಅಕೇಲೀ."

ದಿನಾ ಏಳೂವರೆ ತನಕ ಒಬ್ಬರೇ ಕೂರುವುದು ನಿಜವೇ ಆಗಿತ್ತು. ಅಕ್ಕು ತಲೆಯಾಡಿಸಿದರು. ಡಾಕ್ಟರ ಮುಖ ಇನ್ನಷ್ಟು ಗಂಟಿಕ್ಕಿತು.

*

"ಯಶ್ವಂತ್, ಇಲ್ಲಿ ಪೂಜೆ ಯಾವಾಗ ಆಯ್ತು?"

ಅವನು ಹೂ ನೋಡಿದ. "ಆಜ್ ಸುಬಹ್. ಆಜ್ ದಸರಾ ಹೈ ನಾ."

"ಇವತ್ತೆಂತ!" ಡಾಕ್ಟರು ರೇಗಿದರು. "ದಸರೆ ದಿನ ಪೂಜೆ ಮಾಡುವುದು ಇಲ್ಲಿಯವರು. ನಮ್ಮ ಆಯುಧಪೂಜೆ ನವಮಿಗೆ. ನಿನ್ನೆ ಮಧ್ಯಾಹ್ನ ಮಂಗಳಾರತಿ ಮಾಡಿ ಮೇನ್ ಸ್ವಿಚ್ ಇಳಿಸಿದವ ನಾನೇ. ಬಾಗಿಲು ಹಾಕಿ ಎಲ್ಲರೂ ಮನೆಗೆ ಹೋದೆವು. ಸ್ವಿಚ್ ಎತ್ತಿದ್ದು ಇವತ್ತು ಒಂಬತ್ತು ಗಂಟೆಗೆ."

ಹೇಳುತ್ತ ಹೇಳುತ್ತ ಅವರಿಗೇ ಹೊಳೆಯಿತು. ಮೊಬೈಲ್ ಕೆಳಗಿಟ್ಟರು.

"ನಿನ್ನೆ ಸಂಜೆ ಈ ಕಂಪ್ಯೂಟರಿಗೆ ಕರೆಂಟೇ ಇರ್ಲಿಲ್ಲ," ಎಂದಳು ಹರ್ಷಿತಾ. "ಫೈಲುಗಳಿಗೆ ಬೀಗ ಬಿದ್ದಿರೋದು ಇವತ್ತು ಒಂಬತ್ತೂ ಹನ್ನೆರಡಕ್ಕೆ, ನಾಲ್ಕರಲ್ಲೂ ಒಟ್ಟಿಗೆ. ಹಾಗಿದ್ರೆ ಏಳೂ ಇಪ್ಪತ್ತು ಎಲ್ಲಿಂದ ಬಂತು? ಆ ಹೊತ್ತಿಗೆ ದಾಳಿ ಆಗ್ಲಿ ಅಂತ ಇಟ್ಟವನಿಗೆ ಮಾತ್ರ ಅದು ಗೊತ್ತಿರತ್ತೆ. ಕಂಪ್ಯೂಟರುಗಳಿಗೆ ಬೀಗ ಬಿದ್ದು ಇಲ್ಲಿಯ ಪ್ರಿಂಟರ್ ಬೆಳಿಗ್ಗೆಯಿಂದ ಸತ್ತಿದೆ. ಬ್ಯಾಗಿನಿಂದ ತೆಗೆದ ಈ ಹಾಳೆ ನೀನು ಮನೆಯಿಂದಲೇ ತಂದಿದ್ದು ಯಶ್ವಂತ್. ಕಾಯಿಲೆ ನೋಡೋಕೆ ಮೊದಲೇ ವರದಿ!"

ಯಶ್ವಂತ್ ಬಾಗಿಲ ಕಡೆ ನೋಡಿದ. ಡಾಕ್ಟರು ಅಡ್ಡ ನಿಂತಿದ್ದರು.

"ಇವನು ಹಿಂದಿನ ಸಲ ಬಂದಿದ್ದು ಯಾವಾಗ ಸರ್?"

"ಗುರುವಾರ. ನಾಲ್ಕಕ್ಕೂ ಸರ್ವಿಸ್ ಮಾಡಿದ."

"ಆಗಲೇ ಹಾಕಿಟ್ಟಿದ್ದಾನೆ. ನಿನ್ನೆ ಎಲ್ಲ ಆಫ್ ಇತ್ತು, ಇವತ್ತು ಆನ್ ಆದ ತಕ್ಷಣ ಕೆಲಸ ಮಾಡಿದೆ. ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಡಬೇಕಿತ್ತಲ್ಲ, ಎಲ್ಲಿದೆ?"

ಡಾಕ್ಟರು ಬೀರು ತೆರೆದು ಡಿಸ್ಕ್ ಕೊಟ್ಟರು. ಹರ್ಷಿತಾ ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿದಳು. ಕೊನೆಯ ಪ್ರತಿ ಎರಡು ವರ್ಷ ಹಳೆಯದು.

"ಮಂಗಳವಾರ ಬೇರೆ ಕಂಪನಿಯವರು ಬಂದು ಎಲ್ಲ ತಪಾಸಣೆ ಮಾಡುತ್ತಾರೆ ಅಂತ ಇವನಿಗೆ ನಾನೇ ಹೇಳಿದ್ದೆ," ಎಂದರು ಡಾಕ್ಟರು.

"ಅದಕ್ಕೇ. ಎರಡು ವರ್ಷದಿಂದ ಇವನು ಪ್ರತಿ ತೆಗೆದೇ ಇಲ್ಲ ಅನ್ನೋದು ಬಯಲಾಗ್ತಿತ್ತು. ಈಗ ಡಿಸ್ಕನ್ನೂ ವೈರಸ್ಸೇ ತಿಂದಿತು ಅಂತ ಹೇಳ್ಬಹುದು, ತಪ್ಪೆಲ್ಲ ಅಕ್ಕು ಅವರದು. ಕೀಲಿ ಕೊಡು ಯಶ್ವಂತ್."

ಅವನು ಕೀಲಿಯಿದ್ದ ಪೆನ್‌ಡ್ರೈವ್ ಮೇಜಿನ ಮೇಲಿಟ್ಟ.

*

ಮಧ್ಯಾಹ್ನದ ಹೊತ್ತಿಗೆ ಫೈಲುಗಳು ಒಂದೊಂದಾಗಿ ತೆರೆದುಕೊಂಡವು. ಪೊಲೀಸರು ಯಶ್ವಂತ್‌ನನ್ನು ಕರೆದೊಯ್ದರು. ಹರ್ಷಿತಾ ಆ ಕೊರಿಯರ್ ಮೇಲನ್ನೂ ಹುಡುಕಿ ನೋಡಿದಳು. ನಿಜವಾದ ಕೊರಿಯರಿನದೇ, ಸಿರಿಂಜುಗಳ ಪೆಟ್ಟಿಗೆಯದು.

ಡಾಕ್ಟರು ಅಕ್ಕುವಿನ ಮುಂದೆ ಬಂದು ನಿಂತರು. "ಎಂತ ಮಾರಾಯ್ತಿ, ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರಾ?"

"ನನಗೆ ಕಂಪ್ಯೂಟರ್ ಅರ್ಥ ಆಗುವುದಿಲ್ಲ ಡಾಕ್ಟ್ರೇ, ಒಪ್ಪಿಕೊಂಡೆ," ಎಂದರು ಅಕ್ಕು. "ನಿಮಗೆ ನಾನಾದರೂ ಅರ್ಥ ಆಗಬೇಕಿತ್ತು."

ಡಾಕ್ಟರು ಮೇಜಿನ ಮೇಲಿದ್ದ ರಾಜೀನಾಮೆಯನ್ನು ಎತ್ತಿ ಹರಿದು ಹಾಕಿದರು.