ಮರಕ್ಕೆ ಮರಳಬೇಕಿದ್ದ ಗಿಡ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಸಸ್ಯೋದ್ಯಾನದ ಮೇಲ್ವಿಚಾರಕರು ಠಾಣೆಗೆ ಬಂದು, ಗಾಜಿನಮನೆಯಿಂದ ಒಂದು ಆರ್ಕಿಡ್ ಗಿಡ ಕಳುವಾಗಿದೆಯೆಂದು ದೂರು ಕೊಟ್ಟರು. ಐವತ್ತರ ಆಸುಪಾಸಿನವರು. ಅಂಗಿಗೆ ಇಸ್ತ್ರಿಯಿತ್ತು, ಉಗುರುಗಳ ಸಂದಿಯಲ್ಲಿ ಪಾಚಿಯಿತ್ತು.

ಠಾಣೆಯಲ್ಲಿ ಎಲ್ಲರೂ ಮಾವ ಎಂದೇ ಕರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಬರೆದುಕೊಳ್ಳುತ್ತ, ಮರದ ಮೇಲೆ ಬೆಳೆಯುವುದು ಎಂದರೆ ಬಂದಳಿಕೆಯೇ ಎಂದು ಕೇಳಿದರು.

"ಬಂದಳಿಕೆ ಮರದ ರಸ ಹೀರತ್ತೆ. ಇದು ಮರಾನ ಬರೀ ಹಿಡ್ಕೊಂಡಿರತ್ತೆ," ಎಂದರು ಮೇಲ್ವಿಚಾರಕರು. "ಬೇರಿಗೆ ಮಂಜು ಸಾಕು, ಮಣ್ಣು ಬೇಡ."

ಮಾವನಿಗೆ ಇದು ಎಫ್‌ಐಆರ್ ಆಗುವ ವಿಷಯವೆಂದು ಅನ್ನಿಸಲಿಲ್ಲ. ಹೂ ತಂದುಕೊಡಲಿಲ್ಲವೆಂದು ಮನೆಯವಳು ಇಷ್ಟು ವರ್ಷ ತನ್ನ ಮೇಲೆ ದೂರು ಕೊಡದಿದ್ದದ್ದೇ ಪುಣ್ಯ ಎಂದು ಮೆಲ್ಲಗೆ ಗೊಣಗಿದರು. ಆದರೆ ಈ ಜಾತಿಯ ಗಿಡ ಇದೊಂದೇ ಉಳಿದಿದೆ, ಸರ್ಕಾರದ ಸ್ವತ್ತು, ಮೊಗ್ಗು ಬಿಟ್ಟಿತ್ತು ಎಂದು ಮೇಲ್ವಿಚಾರಕರು ಹೇಳಿದ ಮೇಲೆ ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಲು ಸೂಚಿಸಿ, ಟೋಪಿ ಎತ್ತಿಕೊಂಡು ಹೊರಟರು.

ಗಾಜಿನಮನೆಯ ಬೀಗ ಒಡೆದಿರಲಿಲ್ಲ. ಒಳಗೆ ಸಾಲುಸಾಲಾಗಿ ತೊಗಟೆಗೆ ಕಟ್ಟಿದ ಗಿಡಗಳು ಸರಿಗೆಯಿಂದ ತೂಗುತ್ತಿದ್ದವು. ಕೊನೆಯ ಸಾಲಿನಲ್ಲಿ ಒಂದು ಕೊಕ್ಕೆ ಮಾತ್ರ ಖಾಲಿ. ಅಲ್ಲಿದ್ದ ಗಿಡವನ್ನು ನಾಲ್ಕು ವರ್ಷದ ಹಿಂದೆ ಕಾಡಿನಿಂದ ಕೊಂಬೆಯ ತುಂಡಿನ ಸಮೇತ ಕೊಯ್ದು ತಂದಿದ್ದರಂತೆ. ಪಂಚನಾಮೆ ಬರೆಯುವಾಗ ಇನ್‌ಸ್ಪೆಕ್ಟರ್ ಪಕ್ಕದ ಗಿಡದ ಹಾವಸೆಯನ್ನು ಬೆರಳಿನಿಂದ ಒತ್ತಿದರು. ನೀರು ಒಸರಿತು. ಮುಂದಿನ ಸಾಲಿನದನ್ನೂ ಒತ್ತಿ ನೋಡಿದರು. ಅದೂ ಒದ್ದೆ.

ಮಾಲಿಯನ್ನು ಕೇಳಿದಾಗ, ಭಾನುವಾರ ತನಗೆ ರಜೆ, ಊರಿನಲ್ಲಿದ್ದೆ, ಇವತ್ತು ಕಳವು ಕಂಡ ಗಾಬರಿಯಲ್ಲಿ ಯಾವುದಕ್ಕೂ ನೀರು ಹಾಕಿಲ್ಲ ಎಂದ. ನೀರಿನ ಪೈಪು ಸುತ್ತಿಟ್ಟಂತೆಯೇ ಒಣಗಿತ್ತು. ಮೂಲೆಯ ಮಳೆನೀರಿನ ಪೀಪಾಯಿಯ ಮುಚ್ಚಳ ಮಾತ್ರ ಸರಿದಿತ್ತು. ಅದರ ಮೇಲೊಂದು ಹಳೆಯ ಸಿಲಾವರದ ತಂಬಿಗೆ ಬೋರಲಾಗಿತ್ತು.

"ಕಳ್ಳ ಹೋಗುವಾಗ ಉಳಿದವಕ್ಕೆಲ್ಲ ನೀರು ಹಾಕಿ ಹೋಗಿದ್ದಾನೆ," ಎಂದರು ಇನ್‌ಸ್ಪೆಕ್ಟರ್.

"ಇಂಥವನು ನಮ್ಮನೆಗೆ ಬಂದಿದ್ರೆ ಪಾತ್ರೆ ತೊಳೆದಿಟ್ಟು ಹೋಗ್ತಿದ್ದ ಸಾರ್," ಎಂದರು ಮಾವ.

ಇನ್‌ಸ್ಪೆಕ್ಟರ್ ನಗಲಿಲ್ಲ. ಬಾಯಾರಿದ ಗಿಡಗಳನ್ನು ದಾಟಿ ಹೋಗಲು ಆಗದವರು ಯಾರೋ ಇಲ್ಲಿ ಬಂದಿದ್ದರು. ತಂಬಿಗೆಯಿಂದ ಒಂದೊಂದಕ್ಕೂ ಎರೆಯುವ ತಾಳ್ಮೆ ಅವರ ಕೈಗೆ ರೂಢಿಯಾಗಿತ್ತು. ಕೀಲಿ ಎಷ್ಟಿವೆ ಎಂದು ವಿಚಾರಿಸಿದರು. ಒಂದು ಮಾಲಿಯ ಹತ್ತಿರ, ಅವನು ಊರಲ್ಲಿದ್ದುದಕ್ಕೆ ಸಾಕ್ಷಿಗಳಿದ್ದಾರೆ. ಇನ್ನೊಂದು ಮೇಲ್ವಿಚಾರಕರ ಮನೆಯ ಅಡುಗೆಮನೆಯ ಮೊಳೆಯಲ್ಲಿ.

"ಮನೇಲಿ ಯಾರಿದ್ದಾರೆ?"

"ನಾನು, ಅಮ್ಮ. ಅಮ್ಮ ನಿನ್ನೆ ಸಂಜೆ ಅಕ್ಕನ ಮನೆಗೆ ಹೋದ್ರು."

"ತಂಬಿಗೇಲಿ ನೀರು ಹಾಕ್ತಿದ್ದವರು ಯಾರು?"

ಮೇಲ್ವಿಚಾರಕರು ಪೀಪಾಯಿಯ ಮೇಲಿನ ತಂಬಿಗೆಯತ್ತ ತಿರುಗಿ ನೋಡಿದರು. ಅವರ ತಾಯಿ ಇದೇ ಗಾಜಿನಮನೆಯಲ್ಲಿ ಗಿಡಗಳಿಗೆ ನೀರೆರೆದು ನಿವೃತ್ತರಾದವರೆಂದು ಮಾಲಿಯೇ ಹೇಳಬೇಕಾಯಿತು. ಮೇಲ್ವಿಚಾರಕರು ಅಕ್ಕನಿಗೆ ಫೋನು ಮಾಡಿದರು. ಅಮ್ಮ ಅಲ್ಲಿಗೆ ಬಂದೇ ಇರಲಿಲ್ಲ.

ಉಳಿದದ್ದನ್ನು ಮೇಲ್ವಿಚಾರಕರು ಬೆಂಚಿನ ಮೇಲೆ ಕುಳಿತು ಹೇಳಿದರು. ಗಿಡ ತಂದವನು ಅವರ ತಮ್ಮ. ಸಸ್ಯೋದ್ಯಾನಕ್ಕಾಗಿ ಮರ ಹತ್ತುವ ಕೆಲಸ ಅವನದು. ಆ ದಿನ ಕಾಡಿಗೆ ಹೋದದ್ದು ಅಣ್ಣತಮ್ಮ ಇಬ್ಬರೇ. ನೆತ್ತಿಯ ಕೊಂಬೆಯಲ್ಲಿದ್ದ ಗಿಡವನ್ನು ಎದೆಗೆ ಕಟ್ಟಿಕೊಂಡು ಇಳಿಯುವಾಗ ತಮ್ಮ ಬಿದ್ದ. ಗಿಡದ ಒಂದು ಎಲೆಯೂ ಮುರಿದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್, ಮಾವ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಕಾಡಿನ ಕಾವಲುಗಾರನನ್ನು ಕರೆದುಕೊಂಡು ಗಿಡ ಕೊಯ್ದು ತಂದಿದ್ದ ಆ ಜಾಗ ಹುಡುಕಿ ಹೊರಟರು. ಮುದುಕಿಯೊಬ್ಬರು ರಾತ್ರಿ ತನ್ನ ಶೆಡ್ಡಿನಲ್ಲಿ ಮಲಗಿ, ಬೆಳಕು ಹರಿಯುವ ಮೊದಲೇ ಮೇಲಕ್ಕೆ ಹತ್ತಿದರೆಂದು ಕಾವಲುಗಾರ ಹೇಳಿದ. ಜೀಪು ನಿಂತ ಮೇಲೆ ನಡೆಯುವ ದಾರಿ. ಮೇಲೆ ಎಲೆಗಳು ಒಂದಕ್ಕೊಂದು ಹೆಣೆದುಕೊಂಡು ಬೆಳಕೆಲ್ಲ ಅಲ್ಲೇ ನಿಂತಿತ್ತು. ಕೊಂಬೆಕೊಂಬೆಗೂ ಹಾವಸೆ, ಜರಿಗಿಡ, ತೂಗುವ ಬೇರುಗಳು. ನೆಲದಲ್ಲಿ ಬದುಕಲಾರದ್ದು ಅಲ್ಲಿ, ಗಾಳಿಯಲ್ಲಿ, ಯಾರದೋ ತೋಳಿನ ಮೇಲೆ ಕುಳಿತ ಕೂಸಿನಂತೆ ಬದುಕಿತ್ತು. ದೊಡ್ಡ ಮಾತಿನ ಮಾವ ಕೂಡ ಅಲ್ಲಿ ದನಿ ತಗ್ಗಿಸಿದರು.

ಆ ಮರ ಬಿದ್ದುಹೋಗಿತ್ತು. ಕಳೆದ ವರ್ಷದ ಗಾಳಿಗೆ ಬುಡಸಮೇತ ಉರುಳಿ, ಮೈಮೇಲಿನ ಗಿಡಗಳೆಲ್ಲ ಕತ್ತಲಿಗೆ ಬಿದ್ದು ಕೊಳೆತಿದ್ದವು. ಕಾಂಡದಲ್ಲಿ ಮರದ ಗೂಟಗಳು ಒಂದರ ಮೇಲೊಂದು ಇನ್ನೂ ಬಿಗಿಯಾಗಿದ್ದವು. ಬಿದ್ದು ಸತ್ತ ತಮ್ಮ ಹತ್ತಲೆಂದು ಹೊಡೆದವು ಅವು. ಕಾಂಡದ ಮೇಲೆ ಮೇಲ್ವಿಚಾರಕರ ತಾಯಿ ಕುಳಿತಿದ್ದರು. ಮಡಿಲಲ್ಲಿ ಕೊಂಬೆಯ ತುಂಡು, ಅದರ ಮೇಲೆ ಗಿಡ. ಮೊಗ್ಗು ಅರಳಿತ್ತು. ಬಿಳಿಯ ಹೂವು, ಕೆಳಗೆ ಇಳಿಬಿದ್ದ ಉದ್ದನೆಯ ಬಾಲ.

"ಇದನ್ನ ತಂದದ್ದು ನೀವೇನಾ ತಾಯಿ?" ಎಂದರು ಇನ್‌ಸ್ಪೆಕ್ಟರ್.

"ಹೂಂ. ನಾನೇ."

"ಯಾಕೆ?"

"ಇದರಿಂದ ಸಸಿ ಮಾಡ್ಕೊಂಡು, ಇದನ್ನ ವಾಪಸ್ ಇಲ್ಲೇ ಕಟ್ಟಿ ಬರ್ತೀನಿ ಅಂದಿದ್ದ ಚಿಕ್ಕವನು. ನನ್ನ ಮುಂದೇನೇ ಹೇಳಿ ಹೊರಟ. ಗಾಜಿನಮನೇಲಿ ಮೂರು ಸಲ ಹೂ ಬಿಡ್ತು, ಒಂದು ಸಲಾನೂ ಕಾಯಿ ಕಟ್ಟಲಿಲ್ಲ. ಇದಕ್ಕೆ ಬರೋ ಚಿಟ್ಟೆ ಇಲ್ಲೇ ಇರೋದು."

ಬೇರೆ ಮರಕ್ಕೆ ಕಟ್ಟಬಹುದಿತ್ತಲ್ಲ ಎಂದು ಮಹಿಳಾ ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದಳು.

"ಆ ಚಿಟ್ಟೆ ಕೆಳಗೆ ಇಳಿಯಲ್ಲ ಕಣಮ್ಮ. ನೆತ್ತಿ ಮೇಲೆ ಕಟ್ಟಬೇಕು. ಬೇರೆ ಮರಕ್ಕೆ ಗೂಟ ಇಲ್ಲ. ಹೊಡೆಯೋನೂ ಇಲ್ಲ."

ಇನ್‌ಸ್ಪೆಕ್ಟರ್ ಗೂಟಗಳನ್ನು ನೋಡಿದರು. ಮರ ನಿಂತಿದ್ದರೆ, ಎಪ್ಪತ್ತು ದಾಟಿದ ಈ ಕಾಲುಗಳು ಅವನ್ನು ಹತ್ತುತ್ತಿದ್ದವು. ಇಳಿಯುವ ಬಗ್ಗೆ ಆಕೆ ಏನಾದರೂ ಯೋಚಿಸಿದ್ದರೇ ಎಂದು ಕೇಳಬೇಕೆನಿಸಿತು. ಮಾವನಿಗೆ ಹಾಳೆ ತೆಗೆಯಲು ಹೇಳಿದರು.

ಅಲ್ಲೇ ಜಪ್ತಿ ಪಂಚನಾಮೆಯಾಯಿತು, ಆಕೆಯನ್ನು ಬಂಧಿಸಲಾಯಿತು. ಜೀವ ಇರುವುದಕ್ಕೆ ಅರಗು ಹಾಕುವುದು ಹೇಗೆಂದು ಮಾವನಿಗೆ ತೋಚದೆ, ಕೊಂಬೆಗೆ ಚೀಟಿ ಕಟ್ಟಿ ಬಿಟ್ಟರು. ದಾರಿಯುದ್ದಕ್ಕೂ ಗಿಡವನ್ನು ಮಹಿಳಾ ಕಾನ್‌ಸ್ಟೇಬಲ್ ಮಡಿಲಲ್ಲಿ ಹಿಡಿದಿದ್ದಳು. ಜೀಪಿನ ಕಾವಿಗೆ ಹೂವು ಮೊದಲು ಕಂದಿತು, ಆಮೇಲೆ ಬಾಗಿತು. ತಾಯಿ ಒಂದು ಸಲ ನೋಡಿ, ಮುಖ ಹೊರಗೆ ತಿರುಗಿಸಿಕೊಂಡರು.

ಠಾಣೆಯಲ್ಲಿ ಮೇಲ್ವಿಚಾರಕರು ಕಾಯುತ್ತಿದ್ದರು. ದೂರನ್ನು ಹಿಂದಕ್ಕೆ ಪಡೆಯುತ್ತೇನೆ ಎಂದರು. ಸರ್ಕಾರದ ಸ್ವತ್ತು, ಇನ್ನು ಅದು ನಿಮ್ಮ ಕೈಯಲ್ಲಿಲ್ಲ, ನಾಳೆ ಕೋರ್ಟಿನಲ್ಲಿ ಜಾಮೀನು ಕೇಳಿ ಎಂದು ಇನ್‌ಸ್ಪೆಕ್ಟರ್ ತಿಳಿಸಿದರು. ಜಪ್ತಾದ ಗಿಡವನ್ನು ಗುರುತಿಸಿ ಸಹಿ ಮಾಡಿದ ಮೇಲೆ ಮಗ ತಾಯಿ ಕುಳಿತಿದ್ದ ಬೆಂಚಿನ ಮುಂದೆ ಬಂದು ನಿಂತರು.

"ನನಗೆ ಒಂದು ಮಾತು ಹೇಳಿದ್ರೆ ನಾನೇ ಕರ್ಕೊಂಡು ಹೋಗ್ತಿದ್ದೆನಲ್ಲ ಅಮ್ಮ."

"ಅವನನ್ನೂ ನೀನೇ ಅಲ್ವೇನಪ್ಪ ಕರ್ಕೊಂಡು ಹೋಗಿದ್ದು," ಎಂದರು ತಾಯಿ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಗನಿಗೆ ತಡೆದುಕೊಳ್ಳಲು ಆಗುತ್ತಿತ್ತೇನೋ. ಅವರು ತಾಯಿಯ ಕಾಲ ಬಳಿ ನೆಲದ ಮೇಲೆ ಕುಳಿತರು. ಬಹಳ ಹೊತ್ತಿನ ಮೇಲೆ ತಾಯಿಯ ಕೈ ಅವರ ತಲೆಯ ಮೇಲೆ ಬಂತು. ಸವರಲಿಲ್ಲ, ಸುಮ್ಮನೆ ಅಲ್ಲೇ ಇತ್ತು.

ಇನ್‌ಸ್ಪೆಕ್ಟರ್ ಬಾಗಿಲು ಮುಂದೆಮಾಡಿ ತಮ್ಮ ಮೇಜಿಗೆ ಹೋದರು. ಕಳವಿನ ಉದ್ದೇಶವನ್ನು ಎರಡು ಸಲ ಬರೆದು ಹೊಡೆದುಹಾಕಿದರು. ಕೊನೆಗೆ ಇಷ್ಟೇ ಬರೆದರು: ಸತ್ತ ಮಗ ಕೊಟ್ಟಿದ್ದ ಮಾತನ್ನು ನಡೆಸಿಕೊಡಲು ತಾಯಿ ಹೋಗಿದ್ದರು. ಅದಕ್ಕೆ ಬೇಕಾದ ಮರ ಅಲ್ಲಿರಲಿಲ್ಲ.