ಸೊಪ್ಪಿನವಳು

"ಮೇಡಂ, ಒಸಿ ಪಕ್ಕಕ್ಕೆ ಸರೀರಿ. ನಿಮ್ಮ ಜಡೆ ನನ್ನ ಫ್ರೇಮಿಗೆ ಬತ್ತಾ ಐತೆ."

ಮಾತಾಡಿದ್ದು ಪೊದೆ!

ನವ್ಯಶ್ರೀ ಕಿರುಚಿದ ರಭಸಕ್ಕೆ ರಾಮದೇವರ ಬೆಟ್ಟದ ಬಂಡೆಯೊಂದು ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತು. ಆ ಬಿರುಕು ಅಜ್ಜನ ಕಾಲದಿಂದಲೂ ಇತ್ತು ಎನ್ನುವವರಿದ್ದಾರೆ; ಅಂಥವರ ಮಾತಿಗೆ ಕಿವಿಗೊಡಬೇಡಿ. ರಣಹದ್ದುಗಳು ನಿದ್ದೆಗಣ್ಣಲ್ಲೇ ಎದ್ದು ಕನಕಪುರದ ದಿಕ್ಕು ಹಿಡಿದವು.

ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಆ ಮಬ್ಬಿನಲ್ಲಿ ಪೊದೆ ಎದ್ದು ನಿಂತಿತು. ಪೊದೆಗೆ ಎರಡು ಕಾಲು, ಕುತ್ತಿಗೆಯಲ್ಲೊಂದು ಕ್ಯಾಮೆರಾ, ಮುಖದ ತುಂಬ ನಗು.

"ಏನ್ರೀ ಇದು ವೇಷ?"

"ಚಂದ್ರಂಕಿ ಮೇಡಂ. ರೇಷ್ಮೆ ಹುಳ ಗೂಡು ಕಟ್ಟೋಕೆ ಬಿಡ್ತೀವಲ್ಲ, ಬಿದಿರಿನ ತಟ್ಟೆ. ಹುಳ ಹಣ್ಣಾದಾಗ ಅದು ಮನೇಲಿರುತ್ತೆ. ಮಿಕ್ಕ ಟೈಮಲ್ಲಿ ನಾನು ಅದರ ಹಿಂದೆ ಇರ್ತೀನಿ."

ತಟ್ಟೆಯ ತುಂಬ ಅವನು ಒಣಹುಲ್ಲು ಸಿಕ್ಕಿಸಿದ್ದ.

"ಹಕ್ಕಿ ಹೆದರಬಾರದು ಅಂತ ಮನುಷ್ಯರನ್ನ ಹೆದರಿಸ್ತೀರಾ?"

"ಹಕ್ಕಿ ಹೆದರಿದ್ರೆ ಮತ್ತೆ ಬರಲ್ಲ. ಮನುಷ್ಯರು ಬತ್ತಾರೆ."

'ಎಷ್ಟು ಸೊಕ್ಕು! ಎದೆ ಯಾಕೆ ಇಷ್ಟು ಹೊಡ್ಕೊಳ್ತಿದೆ...? ಹೆದರಿಕೆ. ಬರೀ ಹೆದರಿಕೆ.'

ಬರೀ ಹೆದರಿಕೆಯಂತೆ! ಆಗಲಿ, ಸದ್ಯಕ್ಕೆ ಹಾಗೇ ಇಟ್ಟುಕೊಳ್ಳೋಣ.

ಮಾರನೆಯ ಬೆಳಗ್ಗೆ ಅವಳು ಮತ್ತೆ ಬಂದಳು.

ನವ್ಯಶ್ರೀ ಕೋಡಿಹಳ್ಳಿಯವಳು. ರಾಮನಗರದ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದಳು. ಅವಳ ಲೆನ್ಸ್ ಎಷ್ಟು ದೊಡ್ಡದೆಂದರೆ, ಹೆಗಲಿಗೆ ಹಾಕಿಕೊಂಡಾಗ ಸ್ಕೂಟರ್ ತಾನಾಗಿಯೇ ಎಡಕ್ಕೆ ತಿರುಗುತ್ತಿತ್ತು. ಪೊದೆಯ ಹೆಸರು ಮಧುಕುಮಾರ್, ಊರು ಕೈಲಾಂಚ, ಕಸುಬು ಮದುವೆ ಫೋಟೋಗ್ರಫಿ. ಮಾಗಡಿಯಿಂದ ಚನ್ನಪಟ್ಟಣದವರೆಗೆ ಅವನು ನಗಿಸದ ಮದುಮಗಳಿಲ್ಲ, ಕಣ್ಣು ಬಿಡಿಸದ ಮದುಮಗನಿಲ್ಲ.

ಇಬ್ಬರಿಗೂ ಬೇಕಿದ್ದದ್ದು ಒಂದೇ ಹಕ್ಕಿ... ಹಳದಿ ಕೊರಳಿನ ಪಿಕಳಾರ. ಬಂಡೆಬೆಟ್ಟಗಳನ್ನು ಬಿಟ್ಟು ಬೇರೆಲ್ಲೂ ಸಂಸಾರ ಹೂಡದ, ಮುಷ್ಟಿಯಷ್ಟು ಗಾತ್ರದ, ಮಹಾರಾಣಿಯಷ್ಟು ಗತ್ತಿನ ಹಕ್ಕಿ.

ಮಹಾರಾಣಿ ಒಂದು ಮುಂಜಾನೆ ನಾರು ಕಚ್ಚಿಕೊಂಡು ಬಂದು, ಬಿರುಕು ಬಂಡೆಯ ಬುಡದ ಪೊದೆಯಲ್ಲಿ ಗೂಡು ಕಟ್ಟಲು ಶುರುಮಾಡಿದಳು.

ಗೂಡಿನ ಹತ್ತಿರ ಹೋಗಬಾರದು, ದೂರದ ಬಂಡೆಯಿಂದಲೇ ಫೋಟೋ ತೆಗೆಯಬೇಕು ಎಂದು ಇಬ್ಬರೂ ಮಾತಾಡಿಕೊಂಡರು. ಒಂದು ಫ್ಲಾಸ್ಕ್ ಟೀಯನ್ನು ಹಂಚಿಕೊಂಡರು.

"ಮದುವೆ ಮನೇಲಿ 'ಒಸಿ ಈ ಕಡೆ ನೋಡಿ, ನಗಿ' ಅಂದ್ರೆ ಮುಗೀತು. ಇಲ್ಲಿ ನೋಡಿ, ರಾಣಿಯಮ್ಮ ಬೆನ್ನೇ ತೋರಿಸ್ತಾವ್ಳೆ."

"ನೀವು ಹೇಳಿದ ಹಾಗೆ ನಗೋಕೆ ಅವಳೇನು ನಿಮ್ಮ ಕಸ್ಟಮರಾ?" ಎಂದಳು ನವ್ಯಶ್ರೀ. ತಾನೇ ನಕ್ಕಳು.

ಅವನು ಕ್ಯಾಮೆರಾ ಎತ್ತಲಿಲ್ಲ. ಸುಮ್ಮನೆ ನೋಡಿದ. ಅವಳ ಕೈಯಲ್ಲಿದ್ದ ಟೀ ಆರಿ ಐಸ್‌ಕ್ರೀಂ ಆಗುವಷ್ಟು ಹೊತ್ತು ನೋಡಿದ!

ಆ ಖುಷಿಯಲ್ಲೇ ಅವಳೊಂದು ಕೆಲಸ ಮಾಡಿದಳು. ಮೊಬೈಲಿನಲ್ಲಿ ಪೊದೆ, ಬಂಡೆ, ಮೇಲಿನ ಆಕಾಶ ಎಲ್ಲ ಬರುವ ಹಾಗೆ ಒಂದು ಫೋಟೋ ತೆಗೆದು ಹಕ್ಕಿಪ್ರಿಯರ ವಾಟ್ಸಾಪ್ ಗುಂಪಿಗೆ ಹಾಕಿದಳು. 'ನಮ್ಮ ಮಹಾರಾಣಿಯ ಹೊಸ ಅರಮನೆ!' ಜಾಗದ ಹೆಸರು ಬರೆಯಲಿಲ್ಲ. ಅಷ್ಟು ಎಚ್ಚರ ಅವಳಿಗಿತ್ತು.

ಆಮೇಲೆ ಪರೀಕ್ಷೆ ಡ್ಯೂಟಿ ಬಂತು. ಕೆಲವು ವಾರ ಬೆಟ್ಟ ತಪ್ಪಿತು. ಮತ್ತೆ ಬಂದಾಗ ಗೂಡಿನಲ್ಲಿ ಎರಡು ಮರಿ! ದೂರದ ಬಂಡೆಯಿಂದ ಅವಳು ತೆಗೆದ ಫೋಟೋಗಳು ಒಂದಕ್ಕಿಂತ ಒಂದು ಚೆಂದ. ಹಕ್ಕಿಯ ಕಣ್ಣು ಸೂಜಿಮೊನೆಯಷ್ಟು ಚೂಪು, ಸುತ್ತಲಿನ ಹಸಿರೆಲ್ಲ ಬೆಣ್ಣೆಯಂತೆ ಕರಗಿ ಮಸುಕು. ಹಿಂದಿರುವುದನ್ನು ಎಷ್ಟು ಮಸುಕು ಮಾಡಿದರೆ ಅಷ್ಟು ದೊಡ್ಡ ಫೋಟೋಗ್ರಾಫರ್. ಈ ಕಸುಬಿನವರ ಹೆಮ್ಮೆಯೇ ಅದು.

ಮಧು ಮಾತ್ರ ಯಾಕೋ ಈಚೆಗೆ ಫೋಟೋನೇ ತೆಗೆಯುತ್ತಿರಲಿಲ್ಲ. ಅವಳಿಗಿಂತ ಮೊದಲೇ ಬಂದಿರುತ್ತಿದ್ದ. ಕೇಳಿದರೆ "ಬ್ಯಾಟ್ರಿ ಇಲ್ಲ ಮೇಡಂ" ಎನ್ನುತ್ತಿದ್ದ.

ಒಂದು ದಿನ ಅವಳಿಗೆ ಎಂದಿಗಿಂತ ಬೇಗ ಎಚ್ಚರವಾಯಿತು. ಬೆಟ್ಟ ಹತ್ತಿ ಬಂದವಳು ಅಲ್ಲೇ ಕಲ್ಲಾದಳು.

ಗೂಡಿನ ಪಕ್ಕದಲ್ಲೇ ಮಧು! ಕೈಯಲ್ಲಿ ಕುಡುಗೋಲು!

ಕಾಲ ಬುಡದಲ್ಲಿ ಬಾಡಿದ ರೆಂಬೆಗಳ ರಾಶಿ. ಪೊದೆಯ ತುಂಬ ಕತ್ತರಿಸಿದ ಮೊಂಡು ಕೊಂಬೆಗಳು.

ಅವಳಿಗೆ ಎಲ್ಲ ಅರ್ಥವಾಯಿತು... ಅಥವಾ ಅರ್ಥವಾಯಿತು ಎಂದುಕೊಂಡಳು. ಫೋಟೋಗೆ ಅಡ್ಡ ಬರುತ್ತದೆಂದು ಗೂಡಿನ ಮುಂದಿನ ಎಲೆ ಸವರುವ ನೀಚರಿದ್ದಾರೆ. ನೆರಳು ಹೋದರೆ ಮರಿ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕೆಂಬೂತದ ಬಾಯಿಗೆ ಬೀಳುತ್ತದೆ.

"ಛೀ! ನೀವೂ ಹಿಂಗೇನಾ?"

"ಮೇಡಂ, ನಾನಲ್ಲ..."

"ಕೈಯಲ್ಲಿ ಕುಡುಗೋಲು ಹಿಡ್ಕೊಂಡು ನಾನಲ್ಲ ಅಂತೀರಾ? ಬ್ಯಾಟರಿ ಇಲ್ಲ, ಬ್ಯಾಟರಿ ಇಲ್ಲ... ನಾನು ಬರೋಕೆ ಮೊದಲೇ ಬೇಕಾದ ಫೋಟೋ ತೆಗೆದಿಟ್ಟಿರ್ತೀರಿ, ಅಲ್ವಾ?"

ಅವನು ಬಾಯಿ ತೆರೆದ. ಅವಳ ಕೈಯಲ್ಲಿದ್ದ ಮೊಬೈಲನ್ನು ಒಂದು ಸಲ ನೋಡಿದ. ಬಾಯಿ ಮುಚ್ಚಿದ.

"ಇನ್ನೊಂದು ಸಲ ಈ ಬಂಡೆ ಹತ್ರ ಕಾಲಿಟ್ಟರೆ ಫಾರೆಸ್ಟ್‌ನವರಿಗೆ ನಾನೇ ಹೇಳ್ತೀನಿ!"

ಮಧು ಬಾಡಿದ ರೆಂಬೆಗಳನ್ನು ಬಾಚಿ ಚೀಲಕ್ಕೆ ತುಂಬಿಕೊಂಡ. ಚಂದ್ರಂಕಿಯನ್ನು ಬೆನ್ನಿಗೇರಿಸಿ ಇಳಿದು ಹೋದ. ಹಿಂದಿನಿಂದ ನೋಡಿದರೆ ತಟ್ಟೆಯೊಂದೇ ನಡೆದುಕೊಂಡು ಹೋಗುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಅವನು ಮತ್ತೆ ಬರಲಿಲ್ಲ. ಅವಳು ದಿನವೂ ಬಂದಳು. ಟೀ ಒಬ್ಬಳೇ ಕುಡಿದಳು. ರುಚಿ ಹಾಳಾಗಿತ್ತು, ಫ್ಲಾಸ್ಕಿನ ತಪ್ಪೆಂದು ಹೊಸ ಫ್ಲಾಸ್ಕ್ ಕೊಂಡಳು.

ಆದರೆ ಗೂಡಿನ ಸುತ್ತ ಏನೋ ಆಗುತ್ತಿತ್ತು. ಕತ್ತರಿಸುವವನು ಹೋದ ಮೇಲೆ ಎಲೆ ದಟ್ಟವಾಗಬೇಕಲ್ಲ? ಮಸುಕು ಹಸಿರು ದಿನದಿನಕ್ಕೆ ಕಂದಾಗುತ್ತಿತ್ತು, ತೆಳ್ಳಗಾಗುತ್ತಿತ್ತು! ಕೆಂಬೂತವೊಂದು ಪಕ್ಕದ ಪೊದೆಯಲ್ಲಿ ಕೂತು, ಊಟಕ್ಕೆ ಬಂದ ನೆಂಟನ ಹಾಗೆ ಕಾಯುತ್ತಿತ್ತು.

'ಬೇರೆ ಎಲೆಯೆಲ್ಲ ಹಸಿರಾಗಿದೆ. ಗೂಡಿನ ಮುಂದಿನದು ಮಾತ್ರ ಯಾಕೆ ಬಾಡ್ತಿದೆ...?'

ಜೀವನದಲ್ಲಿ ಮೊದಲ ಸಲ ನವ್ಯಶ್ರೀ ಹಕ್ಕಿಯ ಕಣ್ಣು ಬಿಟ್ಟು ಆ ಮಸುಕು ಎಲೆಗೆ ಫೋಕಸ್ ಮಾಡಿದಳು.

ಮಸುಕು ಹರಿಯಿತು. ಎಲೆ ಸ್ಪಷ್ಟವಾಯಿತು. ಅಗಲವಾದ, ಅಂಚಿನಲ್ಲಿ ಗರಗಸದ ಹಲ್ಲಿರುವ ಎಲೆ. ಒಣಗಿ ಸುರುಳಿ ಸುತ್ತಿಕೊಂಡರೂ ಗುರುತು ಸಿಗುವ ಎಲೆ. ರಾಮನಗರದ ರಸ್ತೆಯ ಎರಡೂ ಬದಿಗೆ ಅವಳು ದಿನಾ ನೋಡುವ ಎಲೆ.

ರೇಷ್ಮೆ ಸೊಪ್ಪು!

ರೇಷ್ಮೆ ಹುಳ ಮೇಯುವ ಹಿಪ್ಪುನೇರಳೆ ಬಂಡೆಯ ಮೇಲೆ ಎಲ್ಲಿ ಬೆಳೆಯುತ್ತದೆ? ರೆಂಬೆಗಳನ್ನು ಯಾರೋ ತಂದು, ಮೊಂಡು ಕೊಂಬೆಗಳಿಗೆ ರೇಷ್ಮೆ ನೂಲಲ್ಲಿ ಕಟ್ಟಿದ್ದರು.

ಅವನು ಕತ್ತರಿಸುತ್ತಿರಲಿಲ್ಲ. ಬಾಡಿದ್ದನ್ನು ಬಿಚ್ಚಿ ಹೊಸದು ಕಟ್ಟುತ್ತಿದ್ದ.

ಅವಳು ಬೆಟ್ಟ ಇಳಿದ ವೇಗಕ್ಕೆ ಮೆಟ್ಟಿಲುಗಳು ಹಿಂದೆ ಉಳಿದವು. ಗೇಟಿನಲ್ಲಿ ವಾಚರ್ ದೊಡ್ಡಹನುಮಯ್ಯ ಬೀಡಿ ಆರಿಸಿ ಎದ್ದ.

"ಯಾಕವ್ವ ಹಿಂಗೆ ಬಿದ್ದಂಬೀಳ? ಮಧು ಫೋನ್ ಮಾಡಿದ್ದ, ಮೇಲೆ ಸೊಪ್ಪು ಬಾಡೈತಾ ನೋಡು ಅಂತ. ನನ್ನ ಮಂಡಿ ಹತ್ತಲ್ಲ ಕಣ್ಲಾ ಅಂದೆ."

"ಅಜ್ಜ, ಆ ಪೊದೆ ಕಡಿದೋರು ಯಾರು?"

"ಆವತ್ತೊಂದು ಭಾನ್ವಾರ ಕಾರಲ್ಲಿ ಬಂದಿದ್ರಲ್ಲ, ಫಿರಂಗಿಯಂಗೆ ಲೆನ್ಸು ಇಟ್ಕಂಡು! ಫೋನಲ್ಲಿ ಒಂದು ಫೋಟೋ ತೋರ್ಸಿ, ಈ ಬಿರುಕು ಬಂಡೆ ಎಲ್ಲೈತೆ ಅಂದ್ರು. ಬಂಡೆ ತಾನೇ ಅಂತ ನಾನು ತೋರ್ಸಿದೆ."

"ಯಾರ... ಯಾರ ಫೋಟೋ ಅದು?"

ದೊಡ್ಡಹನುಮಯ್ಯ ಕಣ್ಣು ಕಿರಿದು ಮಾಡಿದ. "ಮೇಲೆ ನಿಮ್ಮ ಹೆಸರಿತ್ತಲ್ಲವ್ವ. ಮಧುಗೂ ಆವತ್ತೇ ಹೇಳಿದ್ನಲ್ಲ?"

ಜಾಗದ ಹೆಸರು ಅವಳು ಬರೆದಿರಲಿಲ್ಲ. ಬಂಡೆ ತಾನೇ ಹೇಳಿತ್ತು.

ಕೈಲಾಂಚದ ದಾರಿಯಲ್ಲಿ ಅವಳ ಸ್ಕೂಟರ್ ಎರಡು ಬಸ್ಸು, ಒಂದು ಹಾಲಿನ ಟೆಂಪೋ ಮತ್ತು ಅಂದಿನ ಸೂರ್ಯನನ್ನು ಹಿಂದೆ ಹಾಕಿತು.

ಮಧುವಿನ ಮನೆಯ ಪಕ್ಕದಲ್ಲೇ ಹುಳುವಿನ ಮನೆ. ಬಾಗಿಲಲ್ಲಿ ಅವನ ತಾಯಿ ಬೋರಮ್ಮ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕೊ ತಾಯಿ! ಸೆಂಟು ಗಿಂಟು ಹಾಕಂಡಿದ್ರೆ ಒಳಕ್ಕೆ ಬರಂಗಿಲ್ಲ. ಹುಳ ಸೊಪ್ಪು ತಿನ್ನೋದೇ ಬುಟ್ಬುಡ್ತವೆ."

"ಹಾಕಿಲ್ಲಮ್ಮ. ನಾನು ಬೆಟ್ಟದಿಂದ ಬಂದೆ..."

ಬೋರಮ್ಮನ ಹುಬ್ಬು ಹಣೆ ದಾಟಿ ಸೆರಗಿನೊಳಗೆ ಹೋಯಿತು.

"ಬೆಟ್ಟದಿಂದ? ಓಹೋ! ನೀನೇನಾ ಆ ಸೊಪ್ಪಿನವಳು?"

"ಆಂ?"

"ದಿನಾ ಕೋಳಿ ಕೂಗೋ ಹೊತ್ಗೆ ಒಂದು ಹೊರೆ ಸೊಪ್ಪು ಮಾಯ! ಯಾರಿಗ್ಲಾ ಅಂದ್ರೆ 'ಬೆಟ್ಟದ ಮೇಲೊಂದು ಬಾಣಂತಿ ಐತೆ ಕಣವ್ವ' ಅಂತಾನೆ. ಬೆಟ್ಟದ ಮೇಲೆ ಎಂತಾ ಬಾಣಂತಿ? ಯಾವಳೋ ಹುಡುಗಿ ಮನೇಲಿ ಹುಳ ಮೇಯ್ಸವ್ರೆ, ಅಲ್ಲಿಗೆ ಸಾಗಿಸ್ತಾವ್ನೆ ಅಂದ್ಕಂಡೆ. ಈಗ ಸೊಪ್ಪೂ ಹೋಗ್ತಿಲ್ಲ, ಇವನೂ ಉಣ್ತಿಲ್ಲ!"

ಉಣ್ಣುತ್ತಿಲ್ಲ ಎಂದರೆ ಮೂರು ಮುದ್ದೆಯಿಂದ ಎರಡಕ್ಕೆ ಇಳಿದಿದ್ದ. ತಾಯಿಯ ಲೆಕ್ಕದಲ್ಲಿ ಅದು ಉಪವಾಸವೇ.

"ಹೌದಮ್ಮ," ಎಂದಳು ನವ್ಯಶ್ರೀ. "ನಾನೇ ಆ ಸೊಪ್ಪಿನವಳು."

ಹಿಂದಿನಿಂದ ಯಾರೋ ಕೆಮ್ಮಿದರು.

ಮಧು ಬೈಕಿನ ಪಕ್ಕ ನಿಂತಿದ್ದ. ಬೈಕಿನ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿದ ಸೊಪ್ಪಿನ ಹೊರೆ.

"ಅದು... ಇವತ್ತು ನೀವು ಎಷ್ಟಾದ್ರೂ ಬಯ್ಯಿರಿ, ಹೋಗೇಬುಡಾಣ ಅಂತ ಹೊರಟಿದ್ದೆ."

"ನನ್ನ ಫೋಟೋ ನೋಡೇ ಅವರು ಬಂದ್ರು ಅಂತ ನಿಮಗೆ ಗೊತ್ತಿತ್ತಾ?"

ಅವನು ಗೋಣಿಯ ಗಂಟು ಸರಿಮಾಡಿದ. ಅದು ಸರಿಯಾಗಿಯೇ ಇತ್ತು. "ಗೊತ್ತಿತ್ತು."

"ಮತ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಕ್ಯಾಮೆರಾನೇ ಮುಟ್ಟುತ್ತಿರಲಿಲ್ಲ. ಬೆಟ್ಟಕ್ಕೂ ಬತ್ತಿರಲಿಲ್ಲ."

"ಅದಕ್ಕೆ ಕಳ್ಳ ಅನ್ನಿಸ್ಕೊಂಡ್ರಾ?"

"ಬಯ್ಯೋಕಾದ್ರೂ ನೀವು ಅಲ್ಲಿರ್ತೀರಲ್ಲ ಅಂತ..."

ನವ್ಯಶ್ರೀ ಅತ್ತಳು. ಎಷ್ಟು ಅತ್ತಳೆಂದರೆ, ಬೋರಮ್ಮ ಹುಳುವಿನ ಮನೆಯ ಬಾಗಿಲು ಹಾಕಿಕೊಂಡರು. ಹುಳಕ್ಕೆ ತೇವ ಆಗುವುದಿಲ್ಲ ನೋಡಿ.

"ತಪ್ಪಾಯ್ತು ಮಧು. ಅವರ ತಪ್ಪಿಗೂ ಕಾರಣ ನಾನೇ. ನಿಮಗೆ ಬೈದೋಳೂ ನಾನೇ."

"ಮೊದಲು ಸೊಪ್ಪು ಕಟ್ಟಾಣ ಬನ್ನಿ. ಕೆಂಬೂತಕ್ಕೆ ನಮ್ಮ ಜಗಳ ಅರ್ಥ ಆಗಲ್ಲ."

ಅಂದಿನಿಂದ ಸೊಪ್ಪು ಕಟ್ಟುವ ಕೈ ನಾಲ್ಕಾದವು. ವಾಟ್ಸಾಪ್ ಗುಂಪಿನಿಂದ ಅವಳು ಆ ಫೋಟೋ ಅಳಿಸಿದಳು. ಯಾಕೆಂದು ಅಲ್ಲಿಯೇ, ತನ್ನ ಹೆಸರಿನಲ್ಲೇ ಬರೆದಳು. ಕೆಂಬೂತ ಬೇಸತ್ತು ಬೇರೆ ಬೆಟ್ಟಕ್ಕೆ ಹೋಯಿತು.

ಒಂದು ಬೆಳಗ್ಗೆ ಅವಳು ರೆಂಬೆ ಹಿಡಿದಿದ್ದಳು, ಅವನು ನೂಲು ಸುತ್ತುತ್ತಿದ್ದ. ಅಷ್ಟರಲ್ಲಿ ಒಂದು ಮರಿ ಗೂಡಿನ ಅಂಚಿಗೆ ಬಂದಿತು. ಎರಡು ಸಲ ತೂಗಾಡಿ ಅವಳ ಮಣಿಕಟ್ಟಿನ ಮೇಲೆ ಕೂತಿತು!

ಉಸಿರು ಬಿಡುವ ಹಾಗಿಲ್ಲ. ಕೈ ಅಲುಗಿಸುವ ಹಾಗಿಲ್ಲ. ಇಬ್ಬರ ಕ್ಯಾಮೆರಾವೂ ಚೀಲದಲ್ಲಿ!

ಮರಿ ಅವಳನ್ನು ನೋಡಿತು, ಅವನನ್ನು ನೋಡಿತು, ಪುರ್ರನೆ ಹಾರಿತು. ಹಿಂದೆಯೇ ಇನ್ನೊಂದು. ಮೇಲಿನ ಬಂಡೆಯಿಂದ ಮಹಾರಾಣಿ ಕೂಗಿದಳು.

ಜಗತ್ತಿನ ಯಾವ ಫೋಟೋಗ್ರಾಫರಿಗೂ ಸಿಕ್ಕದ ಫೋಟೋ ಈ ಇಬ್ಬರಿಗೂ ಸಿಗಲಿಲ್ಲ.

"ಹೋಯ್ತಲ್ಲ ಮೇಡಂ!"

"ಹೋಗಲಿ. ಇನ್ನಾದ್ರೂ ಮೇಡಂ ಅನ್ನೋದು ಬಿಡ್ತೀರಾ?"

ಅವನು ಬೆರಳಿಗೆ ಸುತ್ತಿಕೊಂಡಿದ್ದ ನೂಲು ಬಿಚ್ಚಲು ಹೋಗಿ ಇನ್ನಷ್ಟು ಸಿಕ್ಕು ಮಾಡಿಕೊಂಡ. ಅದರ ಇನ್ನೊಂದು ತುದಿ ಅವಳ ಕೈಯಲ್ಲಿತ್ತು.

"ನವ್ಯಾ... ಇನ್ಮೇಲೆ ಬೆಟ್ಟಕ್ಕೆ ಬರೋಕೆ ಕಾರಣ ಇಲ್ಲ. ಒಂದು ಕಾರಣ ಬೇಕು ನಂಗೆ. ನೀವು... ನೀನು ಆಗ್ತೀಯಾ?"

ಅವಳು ನೂಲನ್ನು ಬಿಡಲಿಲ್ಲ. ಚೀಲದಿಂದ ಅವನ ಕ್ಯಾಮೆರಾ ತೆಗೆದು ಅವನ ಕೈಗಿಟ್ಟಳು. ಬೋಳಾದ ಪೊದೆ, ಬಾಡುತ್ತಿದ್ದ ಸೊಪ್ಪು, ಖಾಲಿ ಗೂಡು... ಅವುಗಳ ಪಕ್ಕ ಹೋಗಿ ನಿಂತಳು.

"ಒಸಿ ಈ ಕಡೆ ನೋಡು, ನಗು," ಎಂದ ಅವನು.

"ನಗ್ತೀನಿ. ಆದ್ರೆ ಹಿಂದಿರೋದನ್ನ ಮಸುಕು ಮಾಡಬೇಡ. ಸೊಪ್ಪೂ ಕಾಣಬೇಕು."

ಕ್ಲಿಕ್.

"ಅವ್ವ ಬೆಳಗ್ಗೆ ಕೇಳ್ತಿದ್ಲು," ಎಂದ ಅವನು, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಹಕ್ಕಿ ಹಾರೋದ್ಮೇಲೂ ಸೊಪ್ಪಿನವಳು ಬತ್ತಾಳಾ ಅಂತ."

ಕಾಲೇಜಿನ ಕನ್ನಡವೆಲ್ಲ ಮರೆತುಹೋಗಿ, ನವ್ಯಶ್ರೀಗೆ ಕೋಡಿಹಳ್ಳಿಯ ಮಾತೇ ಬಾಯಿಗೆ ಬಂತು.

"ಬತ್ತಾಳೆ ಅಂತ ಹೇಳು."